ಇಳಿಸಿದ ಸಿವಿಕ್: ಅಲೈನ್‌ಮೆಂಟ್ ಮಾಡಿಸಿಯೂ 9,000 ಕಿ.ಮೀ.ಗೆ ಹಿಂದಿನ ಟೈರುಗಳ ಒಳ ಅಂಚಿನಲ್ಲಿ ತಂತಿ ಕಾಣಿಸಿದೆ

ತುಮಕೂರು_ಸಿವಿಕ್ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2009ರ ಹೋಂಡಾ ಸಿವಿಕ್ ಇದೆ, 1.8 ಲೀಟರ್ ಎಂಜಿನ್, ಟೈರಿನ ಅಳತೆ 205/55 ಆರ್ 16. ನಾಲ್ಕೂ ಟೈರುಗಳನ್ನು ಹೊಸದಾಗಿ ಹಾಕಿಸಿದ ವಾರವೇ ಕಾರನ್ನು 40 ಮಿ.ಮೀ. ಇಳಿಸುವ ಸ್ಪ್ರಿಂಗ್‌ಗಳನ್ನೂ ಕೂರಿಸಿದೆ, ಅಂದೇ ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಹೊಂದಿಸುವುದು) ಕೂಡ ಮಾಡಿಸಿದೆ. ಕೆಲಸದ ದಿನಗಳಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವುದರಿಂದ ದಿನಕ್ಕೆ ಸುಮಾರು 140 ಕಿ.ಮೀ. ಓಟ, ಬಹುಪಾಲು ಹೆದ್ದಾರಿಯಲ್ಲೇ. ಹೀಗೆ 9,000 ಕಿ.ಮೀ. ಆಗಿದೆ.

ಇಂದು ಬೆಳಿಗ್ಗೆ ದಾಬಸ್‌ಪೇಟೆಯ ಬಳಿ ಹಿಂದಿನ ಎಡ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯ ಹುಡುಗ ಚಕ್ರ ಬಿಚ್ಚಿ ಒಳಬದಿಯನ್ನು ನನ್ನ ಕಡೆಗೆ ತಿರುಗಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಹೊರಗಿನಿಂದ ಹೊಸದರಂತೆ ಕಾಣುವ ಟೈರಿನ ಒಳ ಅಂಚು ಎರಡು ಬೆರಳಗಲ ಸಂಪೂರ್ಣ ಬೋಳಾಗಿ, ಅಲ್ಲಲ್ಲಿ ಉಕ್ಕಿನ ತಂತಿ ಹೊರಗೆ ಬಂದಿತ್ತು. ಬಲ ಚಕ್ರವೂ ಅದೇ ಸ್ಥಿತಿಯಲ್ಲಿದೆ. ಮುಂದಿನ ಎರಡೂ ಸಮನಾಗಿ ಸವೆದಿವೆ.

ಅಲೈನ್‌ಮೆಂಟ್ ಅಂಗಡಿಯವರು ಕೊಟ್ಟ ಚೀಟಿ ನನ್ನ ಬಳಿ ಇದೆ. ಮುಂದಿನ ಕ್ಯಾಂಬರ್ (ಚಕ್ರದ ನೆತ್ತಿ ವಾಲಿದ ಕೋನ; ಮೈನಸ್ ಎಂದರೆ ಒಳಕ್ಕೆ) ಎಡಕ್ಕೆ −0.80, ಬಲಕ್ಕೆ −0.70, ಮುಂದಿನ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ತಿರುಗಿದ ಕೋನ; ಮೈನಸ್ ಇಲ್ಲದಿದ್ದರೆ ಒಳಮುಖ) 0.05 ಮತ್ತು 0.03. ಹಿಂದಿನ ಕ್ಯಾಂಬರ್ −2.40 ಮತ್ತು −2.20, ಹಿಂದಿನ ಟೋ 0.37 ಮತ್ತು 0.33. ಮುಂದಿನವು ಹಸಿರು ಬಣ್ಣದಲ್ಲಿವೆ, ಹಿಂದಿನವು ಕೆಂಪು. ಕಾರನ್ನು ಇಳಿಸಿದ್ದರಿಂದ ಹಿಂದಿನದು ಕೆಂಪು ತೋರಿಸುತ್ತದೆ, ಹಿಂದಿನ ಚಕ್ರಗಳಿಗೆ ಹೊಂದಾಣಿಕೆಯೇ ಇರುವುದಿಲ್ಲ, ಚಿಂತೆ ಬೇಡ ಎಂದು ಅಲ್ಲಿ ಹೇಳಿದ್ದರು. ಕಾರು ಯಾವ ಬದಿಗೂ ಎಳೆಯುವುದಿಲ್ಲ, ಸ್ಟೀರಿಂಗ್ ನೇರವಾಗಿಯೇ ನಿಲ್ಲುತ್ತದೆ. ಕ್ಯಾಂಬರ್ ಸರಿಪಡಿಸುವ ಹಿಂದಿನ ಆರ್ಮ್‌ಗಳನ್ನು (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳುಗಳು) ಕೊಳ್ಳಬೇಕೆಂದಿದ್ದೇನೆ. ಅದಕ್ಕೆ ನನ್ನ ಅರ್ಧ ತಿಂಗಳ ಸಂಬಳ ಬೇಕು. ಅದರಿಂದ ಸವೆತ ನಿಲ್ಲುತ್ತದೆಯೇ?

ಮಲೆನಾಡ_ಮಳೆ · ಸೋಮವಾರ, ರಾತ್ರಿ 9.52

ಉತ್ತರಕ್ಕಾಗಿ ಕಾಯುವ ಮುನ್ನ ಆ ಎರಡು ಟೈರುಗಳನ್ನು ಕಾರಿನಿಂದ ತೆಗೆಸಿ, ಸರ್. ತಂತಿ ಕಾಣಿಸಿದ ಟೈರಿನಲ್ಲಿ ನಾಳೆ ಬೆಂಗಳೂರಿಗೆ ಹೊರಡಬೇಡಿ.

ಸ್ವಿಫ್ಟ್_ಸವಾರ · ಸೋಮವಾರ, ರಾತ್ರಿ 10.05

ಅಂಗಡಿಯವರು ಹೇಳಿದ್ದು ಸರಿಯಾಗಿಯೇ ಇದೆ. ನನ್ನ ಕಾರಿನಲ್ಲಿಯೂ ಹಿಂದಿನ ಚಕ್ರಗಳಿಗೆ ಹೊಂದಾಣಿಕೆ ಇಲ್ಲ. ನಿಮ್ಮ ಕ್ಯಾಂಬರ್ ಎರಡು ಡಿಗ್ರಿ ದಾಟಿರುವುದರಿಂದ ಒಳ ಅಂಚು ಸವೆಯುವುದು ಸಹಜ. ಹಳೆಯ ಸ್ಪ್ರಿಂಗ್‌ಗಳನ್ನು ಮತ್ತೆ ಹಾಕಿಸಿಬಿಡಿ, ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಅಳತೆಗಾರ · ಸೋಮವಾರ, ರಾತ್ರಿ 10.31

ಸ್ವಿಫ್ಟ್ ಅವರೇ, ನಿಮ್ಮ ಕಾರಿನ ಹಿಂಬದಿಯಲ್ಲಿರುವುದು ಟಾರ್ಷನ್ ಬೀಮ್. ಎರಡೂ ಚಕ್ರಗಳನ್ನು ಒಂದೇ ತೊಲೆಗೆ ಕಟ್ಟಿದ ವ್ಯವಸ್ಥೆ. ಪೋಲೋ, ಐ20 ಮೊದಲಾದವುಗಳಲ್ಲಿಯೂ ಹಾಗೆಯೇ. ಅವುಗಳಲ್ಲಿ ತಿರುಗಿಸಲು ಬೋಲ್ಟ್ ಇರುವುದಿಲ್ಲ, ತೀರಾ ಅಗತ್ಯವಾದರೆ ಚಕ್ರ ಕೂರುವ ಸ್ಟಬ್ ಆಕ್ಸಲ್‌ನ ಹಿಂದೆ ಶಿಮ್ ಎಂಬ ತೆಳುವಾದ ತಗಡು ಕೊಡಬೇಕಾಗುತ್ತದೆ. ಈ ತಲೆಮಾರಿನ ಸಿವಿಕ್‌ನ ಹಿಂಬದಿ ಹಾಗಲ್ಲ. ಪ್ರತಿ ಚಕ್ರಕ್ಕೂ ಪ್ರತ್ಯೇಕವಾಗಿ ಡಬಲ್ ವಿಶ್‌ಬೋನ್, ಅಂದರೆ ಮೇಲೂ ಕೆಳಗೂ ಆರ್ಮ್, ಇದೆ, ಟೋ ಹೊಂದಿಸಲು ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಅನ್ನು ಪಕ್ಕಕ್ಕೆ ಸರಿಸುವ ಬೋಲ್ಟ್) ಇದೆ. ಬೇರೆ ಕಾರಿನ ಮಾತನ್ನು ಈ ಕಾರಿಗೆ ಅನ್ವಯಿಸಿದ್ದರಿಂದ ಎರಡು ಟೈರು ಹೋಗಿವೆ ಎಂಬುದು ನನ್ನ ಅಭಿಪ್ರಾಯ.

ತುಮಕೂರು ಅವರೇ, ನೀವು ಕ್ಯಾಂಬರ್‌ನ ಸಂಖ್ಯೆ ದೊಡ್ಡದಾಗಿ ಕಾಣುತ್ತದೆಯೆಂದು ಅದನ್ನೇ ನೋಡುತ್ತಿದ್ದೀರಿ, ಆದರೆ ನನ್ನ ಕಣ್ಣು ಹೋದದ್ದು 0.37ರ ಮೇಲೆ. ಅದು ದಶಮಾಂಶ ಡಿಗ್ರಿಯೋ ಅಥವಾ ಡಿಗ್ರಿ ಮತ್ತು ನಿಮಿಷವೋ ಎಂಬುದನ್ನು ಚೀಟಿಯ ಮೇಲ್ಭಾಗದಲ್ಲಿ ನೋಡಿ ತಿಳಿಸಿ. ಒಂದು ಡಿಗ್ರಿಗೆ 60 ನಿಮಿಷ. ದಶಮಾಂಶದ 0.37 ಎಂದರೆ ಸುಮಾರು 22 ನಿಮಿಷ; ಅದನ್ನೇ ಡಿಗ್ರಿ-ನಿಮಿಷ ಎಂದು ಓದಿದರೆ 37 ನಿಮಿಷ. ಈ ಗೊಂದಲದಿಂದ ಕಂಪನಿಯ ಪಟ್ಟಿಯ ನಿಮಿಷಗಳನ್ನು ಯಂತ್ರದ ದಶಮಾಂಶದ ಜೊತೆ ಹೋಲಿಸಿ ಸರಿಯಿದೆ ಎಂದು ಕಳುಹಿಸಿದ ಉದಾಹರಣೆಗಳನ್ನು ನಾನೇ ಕಂಡಿದ್ದೇನೆ.

ಕಡಿಮೆಯ ಲೆಕ್ಕವನ್ನೇ ಹಿಡಿಯೋಣ. 0.37 ಡಿಗ್ರಿ ಓರೆಯಾಗಿರುವ ಚಕ್ರವನ್ನು ನೇರವಾಗಿ ಒಂದು ಕಿಲೋಮೀಟರ್ ಎಳೆದುಕೊಂಡು ಹೋದರೆ ಅದು ಸುಮಾರು ಆರೂವರೆ ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಬರುತ್ತದೆ. 9,000 ಕಿ.ಮೀ.ಗೆ ಅದು 58 ಕಿ.ಮೀ. ಆಗುತ್ತದೆ. ದಾಬಸ್‌ಪೇಟೆಯಿಂದ ಬೆಂಗಳೂರಿನವರೆಗೆ ಚಕ್ರವನ್ನು ಉರುಳಿಸದೆ ಅಡ್ಡಲಾಗಿ ಎಳೆದುಕೊಂಡು ಹೋದರೂ ಅಷ್ಟಾಗುವುದಿಲ್ಲ.

ಚಾರ್ಮಾಡಿ_ತಿರುವು · ಸೋಮವಾರ, ರಾತ್ರಿ 10.58

58 ಕಿ.ಮೀ. ಎಂಬ ಲೆಕ್ಕವನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ರಬ್ಬರು ಮೊದಲು ಬಾಗುತ್ತದೆ, ಬಾಗಿ ತಾಳಲಾರದೆ ಹೋದಾಗ ಮಾತ್ರ ಜಾರುತ್ತದೆ. ನೆಲಕ್ಕೆ ತಾಗಿರುವ ಭಾಗದ ಮುಂಚೂಣಿಯಲ್ಲಿ ರಬ್ಬರು ಜಾರದೆ ಬಾಗುತ್ತಾ ಹೋಗುತ್ತದೆ, ಹಿಂತುದಿಯಲ್ಲಿ ಜಾರುತ್ತದೆ. ಅಷ್ಟು ದೂರವೂ ಉಜ್ಜಿದ್ದರೆ ಟೈರು ಸಾವಿರ ಕಿ.ಮೀ. ಕೂಡ ಬಾಳುತ್ತಿರಲಿಲ್ಲ. ಆದರೂ ಮೂಲ ಮಾತನ್ನು ನಾನು ಒಪ್ಪುತ್ತೇನೆ. ನನ್ನ ಕಾರು ಮೂರು ವರ್ಷದಿಂದ ಹಿಂದೆ −2.5 ಡಿಗ್ರಿ ಕ್ಯಾಂಬರ್‌ನಲ್ಲೇ ಓಡುತ್ತಿದೆ, ಒಳ ಅಂಚು ಸ್ವಲ್ಪ ಹೆಚ್ಚು ಸವೆದರೂ ಒಂದು ಜೊತೆ ಟೈರು 30,000 ಕಿ.ಮೀ. ಬಂದಿದೆ.

ಅಳತೆಗಾರ · ಸೋಮವಾರ, ರಾತ್ರಿ 11.10

ತಿದ್ದುಪಡಿಯನ್ನು ಒಪ್ಪಿದೆ. ನಾನು ಹೇಳಿದ್ದು ಓರೆಯ ಪ್ರಮಾಣವೇ ಹೊರತು ನಿಜವಾಗಿ ಉಜ್ಜಿದ ದೂರವಲ್ಲ. ಆ ವ್ಯತ್ಯಾಸವನ್ನು ಅಲ್ಲೇ ಬರೆಯಬೇಕಿತ್ತು.

ತುಮಕೂರು_ಸಿವಿಕ್ · ಮಂಗಳವಾರ, ಬೆಳಿಗ್ಗೆ 7.15

ಟೈರುಗಳನ್ನು ತೆಗೆಸಿದ್ದೇನೆ, ಇಂದು ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಚೀಟಿಯ ಮೂಲೆಯಲ್ಲಿ ದಶಮಾಂಶ ಡಿಗ್ರಿ ಎಂದೇ ಇದೆ. ಹಾಗಾದರೆ 22 ಮತ್ತು 20 ನಿಮಿಷ. ಆದರೆ ನನಗೆ ಒಂದು ವಿಷಯ ಅರ್ಥವಾಗುತ್ತಿಲ್ಲ. ಟೋ ಇಷ್ಟು ಕೆಟ್ಟಿದ್ದರೆ ಕಾರು ಒಂದು ಬದಿಗೆ ಎಳೆಯಬೇಕಿತ್ತಲ್ಲವೇ?

ಹುಬ್ಬಳ್ಳಿ_ಗ್ಯಾರೇಜ್ · ಮಂಗಳವಾರ, ಮಧ್ಯಾಹ್ನ 2.20

ನಾನು ಇಪ್ಪತ್ತೆಂಟು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹಿಂದಿನ ಎರಡೂ ಚಕ್ರಗಳು ಒಳಮುಖವಾಗಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿರುಗಿರುವುದರಿಂದ ಒಂದರ ತಳ್ಳುವಿಕೆಯನ್ನು ಇನ್ನೊಂದು ಸರಿದೂಗಿಸಿದೆ. 0.37 ಮತ್ತು 0.33ರ ನಡುವಿನ ವ್ಯತ್ಯಾಸದ ಅರ್ಧ, ಅಂದರೆ 0.02 ಡಿಗ್ರಿ ಮಾತ್ರ, ಕಾರಿನ ಹಿಂಬದಿ ಓರೆಯಾಗಿ ತಳ್ಳುತ್ತಿದೆ. ಅದು ಸ್ಟೀರಿಂಗ್‌ನಲ್ಲಿ ಗೊತ್ತಾಗುವುದೇ ಇಲ್ಲ. ಎಡಕ್ಕೆ 0.37, ಬಲಕ್ಕೆ ಸೊನ್ನೆ ಇದ್ದಿದ್ದರೆ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತಿತ್ತು, ನೀವು ಎರಡನೇ ದಿನವೇ ದೂರು ಹಿಡಿದು ಹೋಗುತ್ತಿದ್ದಿರಿ, ಟೈರುಗಳೂ ಉಳಿಯುತ್ತಿದ್ದವು. ಎರಡೂ ಬದಿ ಸಮನಾಗಿ ಕೆಟ್ಟಿದ್ದರಿಂದ ಕಾರು ನಿಮಗೆ ಯಾವ ಸೂಚನೆಯನ್ನೂ ಕೊಡಲಿಲ್ಲ.

ಇನ್ನು ಕ್ಯಾಂಬರ್ ವಿಚಾರ. ಸ್ಟೀಲ್ ಲೋಟವನ್ನು ನೆಲದ ಮೇಲೆ ಅಡ್ಡ ಮಲಗಿಸಿ ಉರುಳಿಸಿದರೆ ಅದು ನೇರವಾಗಿ ಹೋಗುವುದಿಲ್ಲ, ತಳದ ಕಡೆಗೆ ಸುತ್ತು ಹಾಕುತ್ತದೆ. ಓರೆಯಾಗಿ ನಿಂತ ಚಕ್ರವೂ ಹಾಗೆಯೇ ಸುತ್ತಲು ನೋಡುತ್ತದೆ. ಹಿಂದಿನ ಎರಡು ಚಕ್ರಗಳ ನೆತ್ತಿ ಒಳಕ್ಕೆ ವಾಲಿದಾಗ ಎರಡೂ ಒಳಮುಖವಾಗಿ ಒತ್ತುತ್ತವೆ. ಒಳಮುಖದ ಟೋ ಕೂಡ ಅದೇ ದಿಕ್ಕಿಗೆ ಒತ್ತುತ್ತದೆ. ಎರಡೂ ಕೂಡಿಕೊಂಡಾಗ ಚಕ್ರಗಳು ಒಂದಕ್ಕೊಂದು ಎದುರಾಗಿ ದಿನವಿಡೀ ಸೆಣಸುತ್ತಲೇ ಇರುತ್ತವೆ. ಟೈರು ಎಲ್ಲಿ ಸವೆಯಬೇಕೆಂಬುದನ್ನು ಕ್ಯಾಂಬರ್ ಗೊತ್ತುಮಾಡುತ್ತದೆ, ಎಷ್ಟು ಬೇಗ ಸವೆಯಬೇಕೆಂಬುದನ್ನು ಟೋ ಗೊತ್ತುಮಾಡುತ್ತದೆ. ಚಾರ್ಮಾಡಿ ಅವರ ಕಾರಿನ ಟೋ ಸರಿಯಿರುವುದರಿಂದಲೇ ಅವರಿಗೆ 30,000 ಬಂದಿದೆ.

ತೆಗೆದ ಟೈರನ್ನು ಎಸೆಯಬೇಡಿ. ಇನ್ನೂ ರಬ್ಬರು ಉಳಿದಿರುವ ಮಧ್ಯದ ಪಟ್ಟಿಗಳ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿ, ಆಮೇಲೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಅದು ಟೋದ ಗುರುತು. ಒಳಗಿನಿಂದ ಹೊರಕ್ಕೆ ಸವರುವಾಗ ಚೂಪು ತಾಗಿದರೆ ಚಕ್ರ ಒಳಮುಖವಾಗಿತ್ತು, ಹೊರಗಿನಿಂದ ಒಳಕ್ಕೆ ಸವರುವಾಗ ತಾಗಿದರೆ ಹೊರಮುಖವಾಗಿತ್ತು ಎಂದು ತಿಳಿಯಿರಿ. ಬರೀ ಕ್ಯಾಂಬರ್‌ನ ಸವೆತವಾದರೆ ಇಳಿಜಾರಾಗಿ ನುಣುಪಾಗಿಯೇ ಇರುತ್ತದೆ. ಹೊರಗೆ ಬಂದ ತಂತಿಗೆ ಕೈ ತಾಗದಂತೆ ಎಚ್ಚರ ವಹಿಸಿ.

ಸ್ವಿಫ್ಟ್_ಸವಾರ · ಮಂಗಳವಾರ, ಸಂಜೆ 5.02

ಯಜಮಾನರೇ, ಒಳಮುಖದ ಟೋ ಇದ್ದರೆ ಹೊರ ಅಂಚು ಸವೆಯಬೇಕು ಎಂದು ಟೈರು ಸವೆತದ ಎಲ್ಲ ಚಿತ್ರಪಟಗಳಲ್ಲಿಯೂ ಇರುತ್ತದೆ. ಇಲ್ಲಿ ಒಳ ಅಂಚು ಹೋಗಿದೆ. ಹಾಗಾದರೆ ಯಂತ್ರದ ಅಳತೆಯೇ ತಪ್ಪಿರಬಹುದಲ್ಲವೇ?

ಹುಬ್ಬಳ್ಳಿ_ಗ್ಯಾರೇಜ್ · ಮಂಗಳವಾರ, ಸಂಜೆ 6.45

ಪ್ರಶ್ನೆ ಸರಿಯಾಗಿದೆ. ಆ ಚಿತ್ರಪಟಗಳು ನೆಟ್ಟಗೆ ನಿಂತ ಚಕ್ರವನ್ನು ಊಹಿಸಿಕೊಂಡು ಬರೆದವು. ಹೊರ ಅಂಚಿನ ಮೇಲೆ ಭಾರವೇ ಬೀಳದಿದ್ದರೆ ಅದು ಸವೆಯುವುದಾದರೂ ಹೇಗೆ? ಎರಡು ಡಿಗ್ರಿಗಿಂತ ಹೆಚ್ಚು ಒಳಕ್ಕೆ ವಾಲಿದ ಚಕ್ರದಲ್ಲಿ ಭಾರ ಒಳ ಅಂಚಿನ ಮೇಲಿರುತ್ತದೆ, ಟೋ ಯಾವ ದಿಕ್ಕಿನದಾದರೂ ಉಜ್ಜುವುದು ಆ ಅಂಚನ್ನೇ. ಹೊರಮುಖದ ಟೋ ಆಗಿದ್ದರೆ ಇನ್ನೂ ಬೇಗ ಹೋಗುತ್ತಿತ್ತು ಎಂಬುದು ನಿಜ.

ತುಮಕೂರು_ಸಿವಿಕ್ · ಮಂಗಳವಾರ, ರಾತ್ರಿ 9.30

ಈಗ ತಾನೇ ಸವರಿ ನೋಡಿದೆ. ಒಳಗಿನಿಂದ ಹೊರಕ್ಕೆ ಸವರಿದಾಗ ತುರಿಯುವ ಮಣೆಯ ಮೇಲೆ ಕೈಯಾಡಿಸಿದಂತೆ ಚೂಪಾಗಿ ತಾಗುತ್ತದೆ, ಹಿಂದಕ್ಕೆ ಸವರಿದಾಗ ನುಣುಪಾಗಿದೆ. ಎರಡೂ ಟೈರುಗಳಲ್ಲಿ ಹೀಗೆಯೇ ಇದೆ. ಒಂಬತ್ತು ಸಾವಿರ ಕಿಲೋಮೀಟರ್ ಓಡಿಸಿಯೂ ಒಮ್ಮೆಯೂ ಬಗ್ಗಿ ಒಳಬದಿಯನ್ನು ಮುಟ್ಟಿ ನೋಡಲಿಲ್ಲವೆಂಬ ಬೇಸರ ನನಗಿದೆ. ಮನೆಯ ಇಬ್ಬರು ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಇದೇ ಟೈರುಗಳಲ್ಲಿ ಹೊರನಾಡಿಗೆ ಹೋಗಿಬಂದಿದ್ದೇನೆ.

ಮಲೆನಾಡ_ಮಳೆ · ಮಂಗಳವಾರ, ರಾತ್ರಿ 9.44

ಮಳೆಗಾಲದಲ್ಲಿ ಹೋಗಿರಲಿಲ್ಲವೆಂದು ಭಾವಿಸುತ್ತೇನೆ. ಒಳಬದಿಯ ಕಾಲುವೆ ಸವೆದುಹೋದರೆ ನಿಂತ ನೀರನ್ನು ಟೈರು ಹೊರಹಾಕುವುದಿಲ್ಲ. ಹಿಂದಿನ ಚಕ್ರಗಳು ನೀರಿನ ಮೇಲೆ ತೇಲಿದರೆ ಕಾರು ಗಿರಕಿ ಹೊಡೆಯುತ್ತದೆ. ಟೈರಿನ ಕಾಲುವೆಯೊಳಗಿರುವ ಸವೆತದ ಗುರುತು 1.6 ಮಿ.ಮೀ.ಗೆ ಇರುತ್ತದೆ. ನಾವೆಲ್ಲ ಅದನ್ನು ಮಧ್ಯದ ಕಾಲುವೆಯಲ್ಲಿ ಮಾತ್ರ ನೋಡುತ್ತೇವೆ, ಒಳಬದಿಯ ಕಾಲುವೆಯಲ್ಲಿ ನೋಡುವುದೇ ಇಲ್ಲ.

ಜೆಸಿ_ರಸ್ತೆ_ಹಳಬ · ಬುಧವಾರ, ಬೆಳಿಗ್ಗೆ 10.15

ಟೈರನ್ನು ರಿಮ್‌ನಿಂದ ಬಿಚ್ಚಿ ತಿರುಗಿಸಿ ಹಾಕಿಸಿದರೆ ಒಳ ಅಂಚು ಹೊರಗೆ ಬಂದು, ಆಯಸ್ಸು ದುಪ್ಪಟ್ಟಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನದ ಅಂಗಡಿಗಳಲ್ಲಿ ನಾವು ಬಹಳ ಕಾಲದಿಂದ ಹೀಗೆ ಮಾಡಿಸುತ್ತಿದ್ದೇವೆ. ಮುಂದಿನ ಸಲ ಅರ್ಧ ಸವೆದಾಗಲೇ ಮಾಡಿಸಿ.

ಚಾರ್ಮಾಡಿ_ತಿರುವು · ಬುಧವಾರ, ಬೆಳಿಗ್ಗೆ 10.40

ಎಲ್ಲ ಟೈರುಗಳಿಗೂ ಇದನ್ನು ಮಾಡಬಾರದು, ಹಳಬರೇ. ಪಕ್ಕದ ಗೋಡೆಯ ಮೇಲೆ ಒಳಬದಿ, ಹೊರಬದಿ ಎಂದು ಅಚ್ಚು ಹಾಕಿರುವ ಟೈರುಗಳ ಎರಡೂ ಅರ್ಧಗಳ ವಿನ್ಯಾಸ ಬೇರೆ ಬೇರೆ. ಅವನ್ನು ತಿರುಗಿಸಿ ಹಾಕುವಂತಿಲ್ಲ. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರನ್ನು ರಿಮ್‌ನಲ್ಲಿ ತಿರುಗಿಸಿದರೆ ಅದನ್ನು ಕಾರಿನ ಇನ್ನೊಂದು ಬದಿಗೆ ಒಯ್ಯಬೇಕಾಗುತ್ತದೆ. ಯಾವ ಗುರುತೂ ಇಲ್ಲದ ಸಾಮಾನ್ಯ ಟೈರಿಗೆ ಮಾತ್ರ ನಿಮ್ಮ ಉಪಾಯ ಸಲ್ಲುತ್ತದೆ. ಅಷ್ಟಕ್ಕೂ ಅದು ಸವೆತವನ್ನು ಹಂಚುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಜೆಸಿ_ರಸ್ತೆ_ಹಳಬ · ಬುಧವಾರ, ಬೆಳಿಗ್ಗೆ 10.52

ನಾನು ಹೇಳಿದ್ದು ಗುರುತಿಲ್ಲದ ಟೈರಿನ ಬಗ್ಗೆಯೇ. ಆ ಮಾತನ್ನು ಸೇರಿಸಬೇಕಿತ್ತು ಎಂಬುದು ಸರಿ.

ಕಾನೂನು_ಓದುಗ · ಬುಧವಾರ, ಮಧ್ಯಾಹ್ನ 1.30

ಯಾರೂ ಎತ್ತದ ಒಂದು ವಿಷಯವನ್ನು ಹೇಳಬೇಕಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಪ್ರಕರಣವೊಂದರಲ್ಲಿ ಆ ಕಲಮನ್ನು ಕಟ್ಟುನಿಟ್ಟಾಗಿ ಓದಿದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ. ಸ್ಪ್ರಿಂಗ್ ಬದಲಿಸುವ ಮುನ್ನ ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ನೆಕ್ಕರ್_ದಂಡೆ · ಬುಧವಾರ, ಸಂಜೆ 4.10

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿ ಇಳಿಸುವ ಸ್ಪ್ರಿಂಗ್‌ಗಳನ್ನು ಮಾರುವಾಗಲೇ ಯಾವ ಕಾರಿಗೆ, ಯಾವ ಅಳತೆಯ ಚಕ್ರಕ್ಕೆ, ಆಕ್ಸಲ್‌ನ ಮೇಲೆ ಎಷ್ಟು ಭಾರದವರೆಗೆ ಎಂಬ ಪರೀಕ್ಷಾ ಪತ್ರ ಜೊತೆಗಿರುತ್ತದೆ. ಕೂರಿಸಿದ ಮೇಲೆ ಅಧಿಕೃತ ಪರೀಕ್ಷಕರಿಗೆ ತೋರಿಸಿ, ಸಾಮಾನ್ಯವಾಗಿ ವಾಹನದ ದಾಖಲೆಯಲ್ಲಿಯೂ ಬರೆಸಬೇಕು. ಅಲೈನ್‌ಮೆಂಟ್ ಚೀಟಿಯನ್ನು ಅವರಿಗೆ ತೋರಿಸಿದಾಗ ಅವರು ಹಿಂದಿನ ಚಕ್ರಗಳ ಸಾಲನ್ನೇ ಮೊದಲು ಓದಿದ್ದು ನನಗೆ ಇಂದಿಗೂ ನೆನಪಿದೆ.

ತುಮಕೂರು_ಸಿವಿಕ್ · ಬುಧವಾರ, ರಾತ್ರಿ 8.50

ಕಾನೂನಿನ ವಿಚಾರ ತಿಳಿಸಿದ್ದಕ್ಕೆ ಧನ್ಯವಾದ. ಅದನ್ನು ಕಚೇರಿಯಲ್ಲಿ ವಿಚಾರಿಸಿ, ಅವರು ಹೇಳಿದಂತೆ ನಡೆದುಕೊಳ್ಳುತ್ತೇನೆ. ಯಜಮಾನರೇ, ಶನಿವಾರ ಬೇರೆ ವರ್ಕ್‌ಶಾಪ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಏನು ಹೇಳಿ ಮಾಡಿಸಬೇಕು, ಯಾವ ಕ್ರಮದಲ್ಲಿ ಮಾಡಿಸಬೇಕು?

ಹುಬ್ಬಳ್ಳಿ_ಗ್ಯಾರೇಜ್ · ಬುಧವಾರ, ರಾತ್ರಿ 10.25

ಯಂತ್ರದ ಮೇಲೆ ಹತ್ತಿಸುವ ಮುನ್ನ ಕಾರನ್ನು ಮೇಲೆತ್ತಿ, ಪ್ರತಿ ಚಕ್ರವನ್ನೂ ಮೇಲೆ-ಕೆಳಗೆ ಹಿಡಿದು, ಆಮೇಲೆ ಎಡ-ಬಲ ಹಿಡಿದು ಅಲುಗಾಡಿಸಿ ನೋಡಲು ಹೇಳಿ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬೇರಿಂಗ್, ಬುಷ್‌ಗಳಲ್ಲಿ (ಆರ್ಮ್‌ನ ಕೀಲಿನಲ್ಲಿರುವ ರಬ್ಬರಿನ ಭಾಗಗಳು) ಸಡಿಲವಿದ್ದರೆ ಆ ಅಲೈನ್‌ಮೆಂಟ್ ಅಂಗಡಿಯ ಬಾಗಿಲು ದಾಟುವಷ್ಟರಲ್ಲಿ ಬದಲಾಗಿರುತ್ತದೆ. ನಾಲ್ಕೂ ಟೈರುಗಳಿಗೆ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ಗಾಳಿ ಹಾಕಿಸಿ, ಟ್ಯಾಂಕು ಅರ್ಧ ತುಂಬಿರಲಿ, ಡಿಕ್ಕಿಯಲ್ಲಿ ಅನವಶ್ಯಕ ಸಾಮಾನು ಬೇಡ. ನೀವು ಪ್ರತಿದಿನ ಒಬ್ಬರೇ ಓಡಿಸುವುದಾದರೆ ಚಾಲಕನ ಸೀಟಿನಲ್ಲಿ ನಿಮ್ಮಷ್ಟು ತೂಕ ಇಡಿಸಿ. ಇಳಿಸಿದ ಕಾರಿನಲ್ಲಿ ಸ್ವಲ್ಪ ಭಾರಕ್ಕೂ ಕೋನ ಬದಲಾಗುತ್ತದೆ. ಜ್ಯಾಕ್‌ನಿಂದ ಇಳಿಸಿದ ತಕ್ಷಣ ಚಕ್ರಗಳು ಸಹಜ ಸ್ಥಾನಕ್ಕೆ ಬಂದಿರುವುದಿಲ್ಲ, ಕಾರನ್ನು ಹಿಂದೆ ಮುಂದೆ ಉರುಳಿಸಿ ಅದುಮಿದ ಮೇಲೆಯೇ ಅಳೆಯಬೇಕು.

ಆಮೇಲೆ ಹಿಂದಿನ ಚಕ್ರಗಳಿಂದ ಶುರು ಮಾಡಬೇಕು. ಮುಂದಿನವನ್ನು ಮೊದಲು ಸರಿಮಾಡಿ ಹಿಂದಿನದನ್ನು ಆಮೇಲೆ ತಿರುಗಿಸಿದರೆ ಸ್ಟೀರಿಂಗ್ ಓರೆಯಾಗುತ್ತದೆ. ಕ್ಯಾಂಬರ್ ಬದಲಿಸಿದರೆ ಟೋ ಬದಲಾಗುವುದರಿಂದ ಟೋ ಯಾವಾಗಲೂ ಕೊನೆಗೆ.

ಎಕ್ಸೆಂಟ್ರಿಕ್ ಬೋಲ್ಟ್‌ನ ಬಗ್ಗೆ ಹೇಳುವುದಿದೆ. ನಿಮ್ಮ ಕಾರಿನ ವಯಸ್ಸಿಗೆ ಆ ಬೋಲ್ಟ್ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಹೊಂದಾಣಿಕೆಯೇ ಇಲ್ಲವೆಂದು ಹಲವು ಕಡೆ ಹೇಳುವುದು ಬೋಲ್ಟ್ ಅಲುಗದಿದ್ದಾಗ. ಬಲವಂತವಾಗಿ ತಿರುಗಿಸಿದರೆ ಬೋಲ್ಟ್ ತಿರುಗಿದಂತೆ ಕಂಡರೂ ಬುಷ್‌ನ ರಬ್ಬರು ಹರಿಯುತ್ತದೆ. ಕಚ್ಚಿಕೊಂಡಿದ್ದರೆ ಕೊಯ್ದು ತೆಗೆದು ಹೊಸ ಬೋಲ್ಟ್, ಹೊಸ ಬುಷ್ ಹಾಕುವುದೇ ದಾರಿ.

ಸ್ಪ್ರಿಂಗ್ ಹಾಕಿದ ದಿನ ಆರ್ಮ್‌ಗಳ ಬೋಲ್ಟ್‌ಗಳನ್ನು ಚಕ್ರಗಳು ನೇತಾಡುತ್ತಿರುವಾಗಲೇ ಬಿಗಿದಿದ್ದರೋ ಎಂಬುದನ್ನೂ ವಿಚಾರಿಸಿ. ಬುಷ್‌ನ ರಬ್ಬರು ಒಳಗೂ ಹೊರಗೂ ಲೋಹಕ್ಕೆ ಅಂಟಿಕೊಂಡಿರುತ್ತದೆ. ನೇತಾಡುವಾಗ ಬಿಗಿದರೆ ಕಾರು ನೆಲಕ್ಕೆ ಬಂದಾಗ ಆ ರಬ್ಬರು ತಿರುಚಿಕೊಂಡೇ ಇರುತ್ತದೆ. ಕಾರಿನ ಎತ್ತರವೂ ಸುಳ್ಳು ತೋರುತ್ತದೆ, ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ. ಎಲ್ಲ ಆರ್ಮ್‌ಗಳ ಬೋಲ್ಟ್ ಸಡಿಲಿಸಿ, ಚಕ್ರಗಳ ಮೇಲೆ ಭಾರ ಬಿದ್ದಿರುವಾಗ ಮತ್ತೆ ಬಿಗಿಸಬೇಕು. ಈ ಒಂದು ಕೆಲಸವನ್ನು ಮಾಡದೆ ಬಿಟ್ಟ ಕಾರುಗಳು ನನ್ನಲ್ಲಿಗೆ ಅಷ್ಟೊಂದು ಬರುತ್ತವೆಯೆಂದೇ ಇಷ್ಟು ಉದ್ದವಾಗಿ ಬರೆದೆ.

ಅಳತೆಗಾರ · ಬುಧವಾರ, ರಾತ್ರಿ 10.50

ಇದಕ್ಕೆ ಒಂದು ಸೇರ್ಪಡೆ: ಟೋವನ್ನು ಮಿ.ಮೀ.ನಲ್ಲಿ ಹೇಳಿದರೆ ಎಲ್ಲಿ ಅಳೆದದ್ದು ಎಂದು ಕೇಳಿ. 2 ಮಿ.ಮೀ. ಎಂಬುದು ರಿಮ್‌ನ ಅಂಚಿನಲ್ಲಿ ಅಳೆದಾಗ ಒಂದು ಕೋನ, 632 ಮಿ.ಮೀ. ವ್ಯಾಸದ ನಿಮ್ಮ ಟೈರಿನ ಅಂಚಿನಲ್ಲಿ ಅಳೆದಾಗ ಇನ್ನೊಂದು ಕೋನ. ಡಿಗ್ರಿ-ನಿಮಿಷದಲ್ಲಿ ಕೇಳಿದರೆ ಈ ಗೊಂದಲವಿಲ್ಲ.

ಸ್ವಿಫ್ಟ್_ಸವಾರ · ಗುರುವಾರ, ಬೆಳಿಗ್ಗೆ 8.05

ಇಷ್ಟೆಲ್ಲ ಓದಿದ ಮೇಲೂ ನನ್ನ ಪ್ರಶ್ನೆ ಉಳಿದಿದೆ. ಇಳಿಸಿದಾಗ ಹಿಂದಿನ ಕ್ಯಾಂಬರ್ ಅಷ್ಟೊಂದು ಹೆಚ್ಚಿ, ಮುಂದಿನದು ಒಂದು ಡಿಗ್ರಿಯನ್ನೂ ಏಕೆ ದಾಟಿಲ್ಲ?

ಚಾರ್ಮಾಡಿ_ತಿರುವು · ಗುರುವಾರ, ಬೆಳಿಗ್ಗೆ 8.40

ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ವ್ಯವಸ್ಥೆ), ಅಲ್ಲಿ ಮೇಲಿನ ಆರ್ಮ್ ಇಲ್ಲ. ಕೆಳಗಿನ ಆರ್ಮ್ ಇಳಿಜಾರಾಗಿರುವವರೆಗೆ ಕಾರು ತಗ್ಗಿದಷ್ಟೂ ಚಕ್ರದ ನೆತ್ತಿ ಒಳಕ್ಕೆ ವಾಲುತ್ತದೆ, ಆದರೆ ಆರ್ಮ್ ಅಡ್ಡಡ್ಡ ಮಟ್ಟವನ್ನು ದಾಟಿ ಹೊರತುದಿ ಮೇಲೇರಿದ ಮೇಲೆ ಆ ವಾಲುವಿಕೆ ನಿಂತು, ಕೊನೆಗೆ ಹಿಮ್ಮುಖವಾಗುತ್ತದೆ. ಹಿಂದಿನ ಡಬಲ್ ವಿಶ್‌ಬೋನ್‌ನಲ್ಲಿ ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಗಿಡ್ಡ ಆರ್ಮ್ ಚಿಕ್ಕ ವೃತ್ತದಲ್ಲಿ ಸುತ್ತುವುದರಿಂದ ಕಾರು ತಗ್ಗಿದಷ್ಟೂ ಚಕ್ರದ ನೆತ್ತಿಯನ್ನು ಒಳಕ್ಕೆ ಎಳೆಯುತ್ತಲೇ ಹೋಗುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಟೈರು ನೆಲಕ್ಕೆ ಸಮನಾಗಿ ಕೂರಲೆಂದು ಮಾಡಿದ ಏರ್ಪಾಡು ಅದು. ನಾವು ಕಾರನ್ನು ಶಾಶ್ವತವಾಗಿ ತಗ್ಗಿಸಿದಾಗ ನೇರ ರಸ್ತೆಯಲ್ಲಿಯೂ ಅದು ಹಾಗೆಯೇ ನಿಂತುಬಿಡುತ್ತದೆ.

ಸ್ವಿಫ್ಟ್_ಸವಾರ · ಗುರುವಾರ, ಬೆಳಿಗ್ಗೆ 8.55

ಈಗ ಅರ್ಥವಾಯಿತು, ಧನ್ಯವಾದ. ಆದರೂ ನಮ್ಮ ರಸ್ತೆಗಳಿಗೆ ಇಳಿಸಿದ ಕಾರು ತಕ್ಕದ್ದಲ್ಲ ಎಂಬ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ.

ಮಲೆನಾಡ_ಮಳೆ · ಗುರುವಾರ, ಬೆಳಿಗ್ಗೆ 9.20

ಆ ಮಾತಿನಲ್ಲಿ ಹುರುಳಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ; ಮುಂದಿನ ಹಿಂದಿನ ಚಕ್ರಗಳ ನಡುವೆ 2.7 ಮೀಟರ್ ಅಂತರವಿರುವ ಸಿವಿಕ್ ಅದರ ಮೇಲೆ ನಿಧಾನವಾಗಿ ಹತ್ತಿ ಇಳಿಯಬಲ್ಲದು. ಊರೊಳಗೆ ನಾವು ದಿನವೂ ದಾಟುವ ಉಬ್ಬುಗಳು ಒಂದು ಮಾರು ಅಗಲವೂ ಇಲ್ಲದೆ ಮೊಣಕಾಲಿನ ಕಡೆಗೆ ಏಳುತ್ತವೆ. ಸ್ಪ್ರಿಂಗ್ ಕುಗ್ಗಿ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿದಾಗಲೆಲ್ಲ ಹೊಡೆತ ಆರ್ಮ್ ಮತ್ತು ಬುಷ್‌ಗಳಿಗೇ ಹೋಗುತ್ತದೆ.

ತುಮಕೂರು_ಸಿವಿಕ್ · ಭಾನುವಾರ, ಬೆಳಿಗ್ಗೆ 11.00

ನಿನ್ನೆ ಇಡೀ ದಿನ ವರ್ಕ್‌ಶಾಪ್‌ನಲ್ಲಿದ್ದೆ. ಯಜಮಾನರು ಹೇಳಿದಂತೆಯೇ ಎಡಬದಿಯ ಎಕ್ಸೆಂಟ್ರಿಕ್ ಬೋಲ್ಟ್ ಕಚ್ಚಿಕೊಂಡಿತ್ತು. ಗ್ರೈಂಡರ್‌ನಿಂದ ಕೊಯ್ದು ತೆಗೆಯಲು ಎರಡು ಗಂಟೆ ಹಿಡಿಯಿತು. ಬಲಬದಿಯದು ಎಣ್ಣೆ ಹಾಕಿ ಕಾಯ್ದ ಮೇಲೆ ಬಂತು, ಆದರೆ ಬುಷ್‌ನಲ್ಲಿ ಬಿರುಕು ಕಂಡಿದ್ದರಿಂದ ಎರಡೂ ಬದಿಗೆ ಹೊಸದನ್ನೇ ಹಾಕಿಸಿದೆ. ಆರ್ಮ್‌ಗಳ ಬೋಲ್ಟ್‌ಗಳನ್ನು ಚಕ್ರಗಳ ಮೇಲೆ ಭಾರವಿಟ್ಟು ಮತ್ತೆ ಬಿಗಿಸಿದರು. ಬಿಗಿದ ಮೇಲೆ ಹಿಂಬದಿ 6 ಮಿ.ಮೀ. ತಗ್ಗಿತು, ಇಷ್ಟು ದಿನ ತಿರುಚಿಕೊಂಡ ರಬ್ಬರು ಕಾರನ್ನು ಎತ್ತಿ ಹಿಡಿದಿತ್ತು.

ಈಗ ಹಿಂದಿನ ಟೋ ಎಡಬಲ ಎರಡಕ್ಕೂ 5 ನಿಮಿಷ, ಒಳಮುಖ. ಕ್ಯಾಂಬರ್ −2 ಡಿಗ್ರಿ 30 ನಿಮಿಷ ಮತ್ತು −2 ಡಿಗ್ರಿ 20 ನಿಮಿಷ, ಅಂದರೆ ಮೊದಲಿಗಿಂತ ಸ್ವಲ್ಪ ಹೆಚ್ಚೇ ಇದೆ. ಕ್ಯಾಂಬರ್ ಆರ್ಮ್‌ಗಳನ್ನು ಸದ್ಯಕ್ಕೆ ಕೊಂಡಿಲ್ಲ. ಟೋ ಒಂದನ್ನೇ ಬದಲಿಸಿ ನೋಡಿದರೆ ಇಲ್ಲಿನ ಚರ್ಚೆಗೆ ಸರಿಯಾದ ಉತ್ತರ ಸಿಗುತ್ತದೆ ಎಂದುಕೊಂಡಿದ್ದೇನೆ. ಹೊಸ ಟೈರುಗಳ ಮೂರೂ ಕಾಲುವೆಗಳ ಆಳವನ್ನು ಬರೆದಿಟ್ಟಿದ್ದೇನೆ.

ಜೆಸಿ_ರಸ್ತೆ_ಹಳಬ · ಭಾನುವಾರ, ಮಧ್ಯಾಹ್ನ 12.10

ಹೊಸ ಜೊತೆಯನ್ನು ಹಿಂದೆಯೇ ಹಾಕಿಸಿದ್ದೀರಿ ತಾನೆ? ಎಂಜಿನ್ ಎಳೆಯುವುದು ಮುಂದಿನ ಚಕ್ರವೆಂದು ಹೊಸದನ್ನು ಮುಂದೆ ಹಾಕಿಸುವವರು ಬಹಳ. ಮಳೆಯಲ್ಲಿ ಕಾರಿನ ಬಾಲ ಜಾರಬಾರದೆಂದರೆ ಹೆಚ್ಚು ಆಳವಿರುವ ಜೊತೆ ಹಿಂದಿರಬೇಕು.

ತುಮಕೂರು_ಸಿವಿಕ್ · ಭಾನುವಾರ, ಮಧ್ಯಾಹ್ನ 12.25

ಹೌದು, ಹಿಂದೆಯೇ ಹಾಕಿಸಿದ್ದೇನೆ.

ತುಮಕೂರು_ಸಿವಿಕ್ · ಆರು ವಾರಗಳ ಬಳಿಕ, ಶನಿವಾರ, ಸಂಜೆ 5.30

4,000 ಕಿ.ಮೀ. ಆಯಿತು. ಎರಡೂ ಚಕ್ರಗಳನ್ನು ಬಿಚ್ಚಿ, ಪ್ರತಿ ಕಾಲುವೆಯನ್ನು ನಾಲ್ಕು ಕಡೆ ಅಳೆದು ಸರಾಸರಿ ತೆಗೆದಿದ್ದೇನೆ. ಎಡ ಟೈರಿನಲ್ಲಿ ಒಳ ಕಾಲುವೆ 0.9 ಮಿ.ಮೀ., ಮಧ್ಯದ್ದು 0.6, ಹೊರಗಿನದು 0.5 ಸವೆದಿವೆ. ಬಲ ಟೈರಿನಲ್ಲಿ 0.8, 0.6, 0.5. ಅಂಗೈಯನ್ನು ಯಾವ ದಿಕ್ಕಿಗೆ ಸವರಿದರೂ ಒಂದೇ ನುಣುಪು. ಇದೇ ಲೆಕ್ಕದಲ್ಲಿ ಒಳ ಕಾಲುವೆ 8 ಮಿ.ಮೀ.ನಿಂದ 1.6ಕ್ಕೆ ಇಳಿಯಲು 28,000 ಕಿ.ಮೀ. ಬೇಕು. ಕ್ಯಾಂಬರ್ ಇದ್ದಂತೆಯೇ ಇದೆ.

ಚಾರ್ಮಾಡಿ_ತಿರುವು · ಶನಿವಾರ, ಸಂಜೆ 6.02

ಒಳಗೆ 0.9, ಹೊರಗೆ 0.5. ಆ ಉಳಿದ ವ್ಯತ್ಯಾಸವೇ ಕ್ಯಾಂಬರ್‌ನ ಪಾಲು. ಆರ್ಮ್ ಹಾಕಿಸಿದರೆ ಉಳಿಯುವುದು ಅಷ್ಟೇ. ಆ ದುಡ್ಡಿಗೆ ಇನ್ನೊಂದು ಜೊತೆ ಟೈರು ಬರುತ್ತದೆಯೋ ಎಂದು ಲೆಕ್ಕ ಹಾಕಿ ತೀರ್ಮಾನಿಸಿ.

ಹುಬ್ಬಳ್ಳಿ_ಗ್ಯಾರೇಜ್ · ಶನಿವಾರ, ರಾತ್ರಿ 8.15

ಒಳ್ಳೆಯ ಸುದ್ದಿ. ಹೊಸ ಬೋಲ್ಟ್‌ಗೆ ಕಚ್ಚಿಕೊಳ್ಳದಂತೆ ಲೇಪನ ಹಚ್ಚಿದ್ದಾರೆಯೇ? ಬೋಲ್ಟ್‌ನ ತಲೆಯಿಂದ ಬ್ರಾಕೆಟ್‌ನವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ. ಗುಂಡಿಯ ಹೊಡೆತಕ್ಕೆ ಬೋಲ್ಟ್ ಸರಿದರೆ ಗೆರೆ ಮುರಿದು ಕಾಣಿಸುತ್ತದೆ, ಯಂತ್ರಕ್ಕೆ ಹೋಗುವ ಮೊದಲೇ ನಿಮಗೆ ತಿಳಿಯುತ್ತದೆ.

ತುಮಕೂರು_ಸಿವಿಕ್ · ಭಾನುವಾರ, ಬೆಳಿಗ್ಗೆ 9.05

ಲೇಪನವನ್ನು ಅಂದೇ ಹಚ್ಚಿಸಿದ್ದೆ, ಯಜಮಾನರೇ. ಗೆರೆಯನ್ನು ಈಗ ಹಳದಿ ಬಣ್ಣದಲ್ಲಿ ಎಳೆದು ಬಂದೆ. ದಾಬಸ್‌ಪೇಟೆಯ ಪಂಕ್ಚರ್ ಅಂಗಡಿಯ ಹುಡುಗನಿಗೂ ಒಳಬದಿ ತೋರಿಸಿ, ನೆಟ್ಟಗಿದೆ ಎನಿಸಿಕೊಂಡೇ ಮನೆಗೆ ಹೋಗಬೇಕೆಂದು ನಾಳೆ ಅಲ್ಲಿ ನಿಲ್ಲಿಸುತ್ತೇನೆ.